ಮರದ ಚಕ್ರದ ಅರಗಳು ಸಡಿಲವಾದಾಗ

ಮಳೆಗಾಲದಲ್ಲಿ ಎಳೆದರೂ ಬಾರದ ಬಾಗಿಲು ಬೇಸಗೆಯಲ್ಲಿ ತಾನಾಗಿಯೇ ಸಲೀಸಾಗುವುದನ್ನು ನೀವೆಲ್ಲರೂ ಕಂಡಿದ್ದೀರಿ. ಮರವು ತೇವವನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ನಾರಿನ ಉದ್ದಕ್ಕೆ ಈ ವ್ಯತ್ಯಾಸ ತೀರ ಅಲ್ಪ, ಅಡ್ಡಕ್ಕೆ ಹೆಚ್ಚು. ಇಷ್ಟು ತಿಳಿದರೆ ಹಳೆಯ ಮೋಟಾರು ಕಾರುಗಳ ಮರದ ಚಕ್ರ ಏಕೆ ಸಡಿಲವಾಗುತ್ತದೆಂಬುದು ಅರ್ಥವಾಗುತ್ತದೆ.

ಅಮೆರಿಕದ ಫೋರ್ಡ್ ಕಂಪೆನಿಯು 1908ರಿಂದ 1927ರವರೆಗೆ 'ಮಾಡೆಲ್ ಟಿ' ಎಂಬ ಕಾರನ್ನು ತಯಾರಿಸಿತು. ಒಂದೂವರೆ ಕೋಟಿ ಕಾರುಗಳು! ಅವುಗಳಲ್ಲಿ ಹೆಚ್ಚಿನವುಗಳ ಚಕ್ರಗಳಿಗೆ ಹಿಕರಿ ಎಂಬ ಗಟ್ಟಿ ಮರದ ಅರಗಳು. (ಅರ ಎಂಬ ಮಾತು ನಮ್ಮಲ್ಲಿ ಹಳೆಯದು. ಮಲೆಯಾಳದಲ್ಲಿ ಗಣಿತದ ತ್ರಿಜ್ಯಕ್ಕೆ 'ಆರಂ' ಎನ್ನುವುದನ್ನು ನಮ್ಮ ಮಕ್ಕಳು ಕೇಳಿರಬಹುದು. ಕೇಂದ್ರದಿಂದ ಅಂಚಿಗೆ ಎಳೆದ ಗೆರೆ ಚಕ್ರದ ಅರವೇ ತಾನೆ?)

ಒಂದು ಚಕ್ರಕ್ಕೆ 12 ಅರಗಳು. ಎತ್ತಿನ ಗಾಡಿಯಲ್ಲಿ ಅರಗಳು ನಡುವಿನ ಮರದ ಗುಂಬದ ತೂತುಗಳಲ್ಲಿ ಕೂರುತ್ತವೆ. ಇಲ್ಲಿ ಹಾಗಲ್ಲ. ಅರದ ಒಳತುದಿಯನ್ನು ಬೆಣೆಯಂತೆ ಕೆತ್ತಿರುತ್ತಾರೆ. 360 ಡಿಗ್ರಿಯನ್ನು 12ರಿಂದ ಭಾಗಿಸಿರಿ; ಬೆಣೆಯ ಕೋನ ಸಿಗುತ್ತದೆ. ಕಮಾನಿನ ಕಲ್ಲುಗಳಂತೆ ಈ ಬೆಣೆಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ. ಅವನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ 6 ಬೋಲ್ಟುಗಳು ಹಿಡಿದಿರುತ್ತವೆ. ಫಿರಂಗಿ ಗಾಡಿಗಳಿಗೂ ಇಂತಹ ಚಕ್ರಗಳೇ ಇದ್ದವು.

ಮರ ಒಣಗಿದಾಗ ಒಂದೊಂದು ಬೆಣೆಯೂ ಕೂದಲೆಳೆಯಷ್ಟು ಕಿರಿದಾದರೂ ಸಾಕು, ಒತ್ತಡ ತಪ್ಪುತ್ತದೆ. ಮಾಡೆಲ್ ಟಿಯಲ್ಲಿ ಕಾಲಿನ ಬ್ರೇಕು ಗೇರುಪೆಟ್ಟಿಗೆಯೊಳಗಿದೆ. ಆದುದರಿಂದ ಎಂಜಿನಿನ ಎಳೆತ, ಬ್ರೇಕಿನ ತಡೆ ಎರಡೂ ಹಿಂದಿನ ಚಕ್ರದ ಅರಗಳ ಮೂಲಕವೇ ನೆಲಕ್ಕೆ ಹೋಗಬೇಕು. ಸಡಿಲವಾದ ಅರಗಳು ಉಜ್ಜಿ ಸವೆಯುತ್ತವೆ, ಬೋಲ್ಟಿನ ತೂತುಗಳು ಅಗಲವಾಗುತ್ತವೆ. ತಿರುವಿನಲ್ಲಿ ಚಕ್ರ ಮುರಿದು ಬಿದ್ದರೆ ಒಳಗೆ ಕುಳಿತವರ ಗತಿಯೇನು?

ಪರೀಕ್ಷೆ ಕಷ್ಟವಲ್ಲ. ಜಾಕ್ ಇಟ್ಟು ಚಕ್ರವನ್ನೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಅರಗಳ ಬುಡದಲ್ಲಿ ಕಟಕಟ ಸದ್ದು ಬಂದರೆ ಅವು ಸಡಿಲವಾಗಿವೆ. ಬೇರಿಂಗು ಸವೆದಿದ್ದರೂ ಚಕ್ರ ಅಲುಗುತ್ತದೆ. ಆದ್ದರಿಂದ ಅಲುಗಾಟ ಎಲ್ಲಿಯದೆಂದು ಕಣ್ಣಿಟ್ಟು ನೋಡಬೇಕು.

ಕೊಡಲಿಯ ಕಾವು ಸಡಿಲವಾದರೆ ನೀರಿನಲ್ಲಿ ನೆನೆಹಾಕುವುದು ನಮ್ಮ ಮನೆಗಳ ರೂಢಿ. ಹಳೆಯ ಕಾರಿನವರೂ ಚಕ್ರವನ್ನು ಹಾಗೆಯೇ ನೆನೆಸುತ್ತಿದ್ದರು. ಆ ದಿನಕ್ಕೆ ಬಿಗಿಯಾಗುವುದು ನಿಜ. ಆದರೆ ಉಬ್ಬಿದ ಮರಕ್ಕೆ ಹಿಗ್ಗಲು ಜಾಗವಿಲ್ಲದೆ ಅದರ ನಾರುಗಳು ಜಜ್ಜಿಹೋಗುತ್ತವೆ; ಮತ್ತೆ ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತವೆ. ಇದು ಸಾಲ ತೀರಿಸಲು ಸಾಲ ಮಾಡಿದಂತೆ. ಅಗಸೆ ಎಣ್ಣೆ ತೇವದ ಏರಿಳಿತವನ್ನು ನಿಧಾನಗೊಳಿಸೀತು, ಸಡಿಲವಾದುದನ್ನು ಬಿಗಿ ಮಾಡದು.

ಅರಗಳು ಗಟ್ಟಿಯಾಗಿದ್ದು ಸಡಿಲ ಸ್ವಲ್ಪವೇ ಆಗಿದ್ದರೆ, ಅರದ ಹೊರತುದಿಯ ಹೆಗಲು ಉಕ್ಕಿನ ಬಳೆಗೆ ತಾಗುವಲ್ಲಿ ತೆಳುವಾದ ಉಕ್ಕಿನ ತಗಡನ್ನು ಸೇರಿಸುವುದುಂಟು. ಅದು ಅರವನ್ನು ಕೇಂದ್ರದ ಕಡೆಗೆ ನೂಕಿ ಬೆಣೆಗಳನ್ನು ಬಿಗಿಗೊಳಿಸುತ್ತದೆ. ಒಂದೇ ಕಡೆಗೆ ತಗಡು ತುಂಬಿದರೆ ಚಕ್ರ ಓರೆಯಾಗುತ್ತದೆ. ಸುತ್ತಲೂ ಸಮನಾಗಿ ಹಾಕಿ, ಬಳೆಯ ಪಕ್ಕದಲ್ಲಿ ಒಂದು ಕಡ್ಡಿಯನ್ನು ನಿಲ್ಲಿಸಿ, ಚಕ್ರವನ್ನು ತಿರುಗಿಸಿ ಅಂತರ ನೋಡುತ್ತಾರೆ. ಬಿರುಕು, ಕೊಳೆತ, ಅಗಲವಾದ ತೂತು ಇವುಗಳಲ್ಲಿ ಒಂದು ಕಂಡರೂ ತಗಡಿನ ಮಾತು ಬೇಡ. ಚೆನ್ನಾಗಿ ಒಣಗಿದ ಮರದಿಂದ ಹನ್ನೆರಡು ಅರಗಳನ್ನೂ ಹೊಸದಾಗಿ ಮಾಡಿಸಿ, ಒಟ್ಟಿಗೆ ಒತ್ತಿ ಕೂರಿಸಬೇಕು. ಅನಂತರ ಬೋಲ್ಟುಗಳನ್ನು ಬಿಗಿದು, ನಟ್ಟು ಕಳಚದಂತೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಹರಡಿಸುತ್ತಾರೆ.