ಬೆಕ್ಕಿನ ಹೃದಯದ ಬಾಗಿಲುಗಳು

ಒಂದೇ ಸೂಲಿನ ಮರಿಗಳಲ್ಲಿ ಮೂರು ಮನೆತುಂಬ ಕುಣಿದಾಡುತ್ತಿರಲು, ನಾಲ್ಕನೆಯದು ಎರಡು ಸಲ ನೆಗೆದು ದಣಿದು ಮೂಲೆ ಸೇರುವುದುಂಟು. ಸೋಮಾರಿ ಮರಿಯೆಂದು ನಾವು ಅದನ್ನು ಹಳಿಯುತ್ತೇವೆ. ಇಂತಹ ದಣಿವಿಗೆ ಕಾರಣಗಳು ಹಲವು. ಹುಟ್ಟಿನಿಂದಲೇ ಬಂದ ಹೃದಯಕವಾಟದ ದೋಷವೂ ಅವುಗಳಲ್ಲೊಂದು.

ಹೃದಯದ ರಚನೆಯನ್ನು ಮೊದಲು ತಿಳಿಯೋಣ. ಬೆಕ್ಕಿನ ಹೃದಯದಲ್ಲಿಯೂ ನಮ್ಮದರಂತೆ ನಾಲ್ಕು ಕೋಣೆಗಳೂ ನಾಲ್ಕು ಕವಾಟಗಳೂ ಉಂಟು. ಮೇಲಿನ ಕೋಣೆಗಳು ಹೃತ್ಕರ್ಣಗಳು, ಕೆಳಗಿನವು ಹೃತ್ಕುಕ್ಷಿಗಳು. ಇವುಗಳ ನಡುವೆ ಬಲಗಡೆ ತ್ರಿದಳ ಕವಾಟವೂ ಎಡಗಡೆ ದ್ವಿದಳ ಕವಾಟವೂ ಇವೆ. ಉಳಿದೆರಡು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಗಳ ಬಾಯಲ್ಲಿವೆ. ಕವಾಟವೆಂದರೆ ಬಾಗಿಲು. ರಕ್ತವು ಮುಂದೆ ಸಾಗಿದೊಡನೆ ಅದು ಮುಚ್ಚಿಕೊಂಡು, ರಕ್ತವು ಹಿಂದಿರುಗದಂತೆ ತಡೆಯುವುದು.

ಮರಿಯು ಗರ್ಭದಲ್ಲಿರುವಾಗ ಕವಾಟದ ದಳಗಳಾಗಲಿ, ಅವನ್ನು ಹಿಡಿದಿರುವ ತಂತುಗಳಾಗಲಿ ಸರಿಯಾಗಿ ರೂಪುಗೊಳ್ಳದಿದ್ದರೆ ಬಾಗಿಲು ಪೂರ್ತಿ ಮುಚ್ಚದು. ರಕ್ತವು ಹಿಂದಕ್ಕೆ ಸೋರಿ ಹೃತ್ಕರ್ಣವು ಹಿಗ್ಗುವುದು. ದೋಷವು ಎಡಗಡೆಯದಾದರೆ ಶ್ವಾಸಕೋಶಗಳಲ್ಲಿ ನೀರು ತುಂಬಬಹುದು. ಬಲಗಡೆಯದಾದರೆ ಹೊಟ್ಟೆಯಲ್ಲಿಯೋ ಎದೆಗೂಡಿನಲ್ಲಿಯೋ ನೀರು ನಿಲ್ಲಬಹುದು. ದೋಷವು ಅಲ್ಪವಾಗಿದ್ದರೆ ಬೆಕ್ಕು ಬಹುಕಾಲ ಸುಖವಾಗಿ ಬಾಳುವುದೂ ಉಂಟು.

ಪಶುವೈದ್ಯರು ಎದೆಗೆ ಸ್ಟೆತೊಸ್ಕೋಪನ್ನಿಟ್ಟಾಗ ಸೋರುವ ರಕ್ತದ ಮರ್ಮರ ಶಬ್ದವು ಕೇಳಿಸುತ್ತದೆ. ಆದರೆ ಆರೋಗ್ಯವಂತ ಬೆಕ್ಕುಗಳಲ್ಲಿಯೂ ಕೆಲವೊಮ್ಮೆ ಈ ಶಬ್ದವಿರುವುದರಿಂದ, ಶಬ್ದಾತೀತ ತರಂಗಗಳಿಂದ ಹೃದಯದ ಚಿತ್ರವನ್ನು ನೋಡಿಯೇ ದೋಷವನ್ನು ನಿಶ್ಚಯಿಸುತ್ತಾರೆ. ಔಷಧವು ಕವಾಟವನ್ನು ಸರಿಪಡಿಸಲಾರದು. ಆದರೆ ತುಂಬಿದ ನೀರನ್ನಿಳಿಸಿ ಉಸಿರನ್ನು ಹಗುರಗೊಳಿಸಬಲ್ಲುದು.

ಬೆಕ್ಕು ತನ್ನ ನೋವನ್ನು ಮರೆಮಾಚುವ ಪ್ರಾಣಿ. ಆದುದರಿಂದ ವಿದ್ಯಾರ್ಥಿಗಳು ಒಂದು ಸುಲಭ ಪರೀಕ್ಷೆಯನ್ನು ಕಲಿತಿರಬೇಕು. ಬೆಕ್ಕು ನಿದ್ರಿಸುವಾಗ ಅದನ್ನು ಮುಟ್ಟದೆ, ಗಡಿಯಾರವನ್ನು ನೋಡುತ್ತ, ಎದೆ ಏರಿ ಇಳಿದುದನ್ನು ಒಂದೆಂದು ಎಣಿಸಿರಿ. 30 ಸೆಕೆಂಡುಗಳ ಎಣಿಕೆಯನ್ನು ಇಮ್ಮಡಿಸಿದರೆ ನಿಮಿಷದ ಲೆಕ್ಕ ದೊರೆಯುವುದು. ಆರೋಗ್ಯವಂತ ಬೆಕ್ಕಿನಲ್ಲಿ ಅದು ಸಾಮಾನ್ಯವಾಗಿ 30ನ್ನು ಮೀರದು. ಮತ್ತೆ ಮತ್ತೆ ಮೀರುತ್ತಿದ್ದರೆ ಹಿರಿಯರಿಗೆ ತಿಳಿಸಿ ಪಶುವೈದ್ಯರಿಗೆ ತೋರಿಸಬೇಕು. ಬಾಯ್ದೆರೆದು ಏದುಸಿರು ಬಿಡುತ್ತಿದ್ದರಂತೂ ತಡಮಾಡಬಾರದು. ಅದನ್ನು ಬಿಗಿಯಾಗಿ ಹಿಡಿಯುವುದಾಗಲಿ, ಬಾಯಿಗೆ ಹಾಲು ಹೊಯ್ಯುವುದಾಗಲಿ, ಮನುಷ್ಯರ ಔಷಧವನ್ನು ಕೊಡುವುದಾಗಲಿ ಸಲ್ಲದು.

ತಂದೆತಾಯಿಗಳಲ್ಲಿ ಒಂದು ಬಿನ್ನಹ. ಬಡಕಲು ಮರಿಯನ್ನು ಸಂತೆಯ ಬಯಲಿನಲ್ಲಿ ಬಿಟ್ಟುಬರುವ ಮುನ್ನ, ಒಮ್ಮೆ ಅದರ ಉಸಿರನ್ನು ಮಕ್ಕಳಿಂದ ಎಣಿಸಿ ನೋಡಿರಿ. ಮೂಕಪ್ರಾಣಿಯ ಸಂಕಟವನ್ನು ಲೆಕ್ಕವಿಟ್ಟು ಅರಿಯುವುದೂ ವಿದ್ಯೆಯೇ ಆಗಿದೆ.