ಜಾಲತಾಣದ ಮುಖಪುಟ: ವಿಷಯದ ಆಯ್ಕೆ ಮತ್ತು ಆಯುಷ್ಯ

ಕನ್ನಡ ಕಾವ್ಯಪರಂಪರೆಯಲ್ಲಿ ಪೀಠಿಕೆಗೆ ನಿಶ್ಚಿತವಾದ ಹೊಣೆಯಿದೆ. ಕುಮಾರವ್ಯಾಸಭಾರತದ ಪೀಠಿಕಾ ಸಂಧಿಯಲ್ಲಿ ದೇವತಾಸ್ತುತಿ, ಕವಿಯ ನಿಲುವು, ಕಾವ್ಯದ ಮಹಿಮೆ ಇವು ಮೊದಲಿಗೆ ಬಂದು ಓದುಗನನ್ನು ಕಥೆಗೆ ಸಿದ್ಧಗೊಳಿಸುತ್ತವೆ. ಜಾಲತಾಣದ ಮುಖಪುಟದ ಹೊಣೆಯೂ ಮೇಲ್ನೋಟಕ್ಕೆ ಇಂಥದೇ. ಆದರೆ ಪೀಠಿಕೆಯನ್ನು ಕವಿ ಒಮ್ಮೆ ರಚಿಸಿದರೆ ಮುಗಿಯಿತು. ಮುಖಪುಟವನ್ನು ನಿರಂತರವಾಗಿ ನಿರ್ವಹಿಸಬೇಕು. ಆದ್ದರಿಂದ ಅಲ್ಲಿ ಏನಿರಬೇಕೆಂಬ ಪ್ರಶ್ನೆಯು ಅದನ್ನು ಯಾರು, ಎಷ್ಟು ಕಾಲ ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಯಿಂದ ಬೇರೆಯಲ್ಲ.

2001ರಲ್ಲಿ ಆರಂಭವಾದ ಇಂಗ್ಲಿಷ್ ವಿಕಿಪೀಡಿಯದ ಮುಖಪುಟವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ದಿನದ ವಿಶೇಷ ಲೇಖನ, ಸುದ್ದಿ, ಸ್ವಾರಸ್ಯಕರ ಕಿರುಸಂಗತಿಗಳು, ಇತಿಹಾಸದಲ್ಲಿ ಈ ದಿನ, ದಿನದ ಚಿತ್ರ ಇವು ಅದರ ಪ್ರಮುಖ ವಿಭಾಗಗಳು. ಇವುಗಳ ಆಯುಷ್ಯ ಒಂದೇ ಬಗೆಯದಲ್ಲ. ಸುದ್ದಿಯು ಕೆಲವೇ ದಿನಗಳಲ್ಲಿ ಹಳತಾಗುತ್ತದೆ. ಕಿರುಸಂಗತಿಗಳನ್ನು ಮುಖ್ಯವಾಗಿ ಹೊಸ ಲೇಖನಗಳಿಂದ ಆಯುವುದರಿಂದ, ಬರವಣಿಗೆ ಕುಂಠಿತವಾದರೆ ಆ ವಿಭಾಗವೂ ಬತ್ತುತ್ತದೆ. ‘ಇತಿಹಾಸದಲ್ಲಿ ಈ ದಿನ’ವಾದರೋ ಜಯಂತಿಗಳಂತೆ ವರ್ಷವರ್ಷವೂ ಮರಳುವಂಥದು, ಒಮ್ಮೆ ಸಿದ್ಧಪಡಿಸಿದ್ದು ತಿದ್ದುಪಡಿಯೊಡನೆ ಮತ್ತೆ ಉಪಯೋಗಕ್ಕೆ ಬರುತ್ತದೆ. ವಿಶೇಷ ಲೇಖನವನ್ನು ಈಗಾಗಲೇ ಪರಿಶೀಲನೆಗೊಂಡ ಸಂಗ್ರಹದಿಂದ ಆರಿಸಲಾಗುತ್ತದೆ. ಹುಡುಕುವ ಸೌಲಭ್ಯ ಮತ್ತು ವಿಷಯಸೂಚಿಗಳು ಬಹುಮಟ್ಟಿಗೆ ಸ್ಥಿರವಾದವು.

ಇಂಗ್ಲಿಷಿನಲ್ಲಿ ಈ ಎಲ್ಲವನ್ನೂ ನಿರ್ವಹಿಸಲು ಸ್ವಯಂಸೇವಕರ ದೊಡ್ಡ ಸಮುದಾಯವೇ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸಮುದಾಯ ಅದಕ್ಕೆ ಹೋಲಿಸಿದರೆ ತೀರ ಚಿಕ್ಕದು. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ಈ ಕೆಲಸ ಹಲವೊಮ್ಮೆ ಒಬ್ಬಿಬ್ಬರ ಪಾಲಿಗೆ ಬರುತ್ತದೆ. ಇಂಥಲ್ಲಿ ದೊಡ್ಡ ಭಾಷೆಯ ಮಾದರಿಯನ್ನು ಯಥಾವತ್ತಾಗಿ ಅನುಕರಿಸುವುದು ಉಚಿತವಲ್ಲ. ಮುಗಿದುಹೋದ ವಿಚಾರಸಂಕಿರಣದ ಆಹ್ವಾನ ಮುಖಪುಟದಲ್ಲಿ ಉಳಿದುಬಿಟ್ಟರೆ, ಒಳಗಿರುವ ಹಸ್ತಪ್ರತಿಸೂಚಿಯೂ ಪ್ರಬಂಧಗಳ ಪಟ್ಟಿಯೂ ಎಷ್ಟೇ ಮೌಲಿಕವಾಗಿದ್ದರೂ ಓದುಗನಿಗೆ ಅವುಗಳ ಬಗೆಗೆ ಸಂಶಯ ಮೂಡುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಶೋಧಯಂತ್ರದ ಮೂಲಕ ಬರುವವನು ಬಹುಮಟ್ಟಿಗೆ ನೇರವಾಗಿ ಒಳಪುಟಕ್ಕೇ ತಲುಪುತ್ತಾನೆ. ಮುಖಪುಟಕ್ಕೆ ಬರುವವನು ತಾಣದ ಒಟ್ಟು ಸಂಪತ್ತೇನೆಂದು ತಿಳಿಯಲು ಬಂದಿರುವ ಸಂಭವ ಹೆಚ್ಚು. ಅವನಿಗೆ ಬೇಕಾದದ್ದು ಪದಾಧಿಕಾರಿಗಳ ಭಾವಚಿತ್ರವಲ್ಲ, ಸಂಗ್ರಹದ ಪರಿಚಯ.

ಒಟ್ಟಿನಲ್ಲಿ, ಕಡಿಮೆ ಜನಬಲದ ಕನ್ನಡ ತಾಣಗಳು ಸ್ಥಿರವಾದ ಸೂಚಿ, ವರ್ಷಾವರ್ತಿಯಾದ ಸಂಗತಿ ಹಾಗೂ ಸಂಗ್ರಹದಿಂದ ಆಯ್ದ ಉತ್ತಮ ಬರಹ ಈ ಮೂರಕ್ಕೆ ಆದ್ಯತೆ ನೀಡಿ, ದಿನದಿನವೂ ಬದಲಿಸಬೇಕಾದುದನ್ನು ಕೈಬಿಡುವುದು ಸೂಕ್ತ. ಮುಖಪುಟದಿಂದ ಏನನ್ನು ಹೊರಗಿಡಬೇಕೆಂದು ನಿರ್ಧರಿಸುವುದೂ ಸಂಪಾದನೆಯ ಕೆಲಸವೇ ಆಗಿದೆ.