‘ವಿದ್’ ಧಾತುವಿನ ಬಳಗ

ಈ ಪಾಠವನ್ನು ಓದುವ ನೀವು ವಿದ್ಯಾರ್ಥಿಗಳು. ಆ ಹೆಸರಿನಲ್ಲಿಯೇ ‘ತಿಳಿ’ ಎಂಬರ್ಥದ ‘ವಿದ್’ ಎಂಬ ಸಂಸ್ಕೃತ ಧಾತು ಅಡಗಿದೆ. ವೇದ, ವಿದ್ಯೆ, ವಿದ್ವಾಂಸ ಎಂಬ ಪದಗಳು ಹುಟ್ಟಿದ್ದೂ ಅದರಿಂದಲೇ. ವಿದ್ಯೆಯು ಹಳಗನ್ನಡದಲ್ಲಿ ‘ಬಿಜ್ಜೆ’ ಎಂದೂ ಆಯಿತು.

ಈ ಧಾತುವಿಗೆ ದೂರದೇಶಗಳಲ್ಲಿಯೂ ನಂಟರುಂಟು. ಲ್ಯಾಟಿನ್ನಿನಲ್ಲಿ ‘ವಿದೆಒ’ ಎಂದರೆ ‘ನೋಡುತ್ತೇನೆ’. ಇಂದು ಎಲ್ಲರ ಬಾಯಲ್ಲಿರುವ ‘ವೀಡಿಯೊ’ ಆ ಪದವೇ. ಇಂಗ್ಲಿಷಿನ ‘ವಿಸ್‌ಡಂ’ ಕೂಡ ಇದೇ ಬಳಗದ್ದು. ಒಂದೆಡೆ ನೋಟ, ಇನ್ನೊಂದೆಡೆ ತಿಳಿವು, ಇವೆರಡಕ್ಕೂ ಸಂಬಂಧವೆಂತು? ಗ್ರೀಕರ ‘ಓಯ್ದ’ ಎಂಬ ಕ್ರಿಯಾರೂಪವನ್ನು ಗಮನಿಸಿರಿ. ರೂಪದಲ್ಲಿ ಅದು ‘ಕಂಡಿದ್ದೇನೆ’, ಅರ್ಥದಲ್ಲಿ ‘ಬಲ್ಲೆ’. ಸಂಸ್ಕೃತದಲ್ಲಿ ‘ಬಲ್ಲೆ’ ಎಂಬರ್ಥದ ‘ವೇದ’ ಎಂಬ ಕ್ರಿಯಾರೂಪವೂ ಅಂತಹುದೇ: ಭೂತಕಾಲದ ರೂಪ, ವರ್ತಮಾನದ ಅರ್ಥ. ಕಂಡವನೇ ಬಲ್ಲವನೆಂದು ಹಿಂದಿನವರು ಬಗೆದಿರಬೇಕು.

ಇಷ್ಟರಿಂದಲೇ ಸಂಸ್ಕೃತವು ಈ ಭಾಷೆಗಳ ತಾಯಿಯೆಂದು ಸಾರುವುದು ಆತುರವಾದೀತು. 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ವಿಲಿಯಂ ಜೋನ್ಸ್ ಅವರು, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಹೊರಟವೆಂದೂ ಆ ಮೂಲವು ಬಹುಶಃ ಈಗ ಉಳಿದಿಲ್ಲವೆಂದೂ ಹೇಳಿದರು. ಅವು ಸೋದರಿಯರು, ಯಾವುದೂ ಇನ್ನೊಂದರ ತಾಯಿಯಲ್ಲ.

ನಮ್ಮ ‘ಅರಿ’ ಈ ಬಳಗಕ್ಕೆ ಸೇರದು. ಅದು ದ್ರಾವಿಡ ಧಾತು, ತಮಿಳಿನ ‘ಅರಿ’ಗೆ ಒಡಹುಟ್ಟು. ಆದರೂ ಒಂದು ಸೋಜಿಗವುಂಟು. ‘ಅವನೆಲ್ಲಿ ಹೋದನೋ ನಾ ಕಾಣೆ’ ಎನ್ನುವಾಗ ನಾವು ಕಣ್ಣಿನ ಮಾತನ್ನು ಆಡುತ್ತಿಲ್ಲ. ಅಲ್ಲಿ ‘ಕಾಣೆ’ ಎಂದರೆ ‘ಅರಿಯೆ’ ಎಂದೇ ಅರ್ಥ.